ಕನ್ನಡ ಕರಾವಳಿಯ ದೋಣಿಗಳೂ ಇಂಜೆಕ್ಷನ್ ಪಂಪಿನ ಆಯ್ಕೆಯೂ

೧

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನಲ್ಲಿ ತೆಂಗಿನಗುಂಡಿ ಎಂಬ ಮೀನುಗಾರಿಕೆಯ ಬಂದರೊಂದುಂಟು. ಅದರ ಹೆಸರು ತೆಂಗನ್ನು ನೆನೆಯಿಸುತ್ತದೆ; ಅಲ್ಲಿಯ ದಕ್ಕೆಗೆ ಬಂದು ನಿಲ್ಲುವ ದೋಣಿಗಳ ಸದ್ದಾದರೋ ಡೀಸೆಲ್ ಎಂಜಿನಿನದು. ಈ ಎರಡರ ನಡುವೆ ಕರಾವಳಿಯ ನೌಕಾಚರಿತ್ರೆಯ ದೊಡ್ಡದೊಂದು ಪರಿವರ್ತನೆಯು ಅಡಗಿದೆ. ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದು ದೋಣಿ ಕಟ್ಟುವ ಪದ್ಧತಿಯು ಈ ತೀರದಲ್ಲಿ ಬಹುಕಾಲ ನಡೆದುಬಂದಿತು. ರಂಪಣಿ ಬಲೆಯನ್ನು ಬಿಡುತ್ತಿದ್ದ ದೋಣಿಗಳು ಅಂತಹವು. ಭೋಜರಾಜನದೆಂದು ಪ್ರಸಿದ್ಧವಾದ ‘ಯುಕ್ತಿಕಲ್ಪತರು’ವಿನಲ್ಲಿ, ಸಮುದ್ರಕ್ಕೆ ಹೋಗತಕ್ಕ ನೌಕೆಯ ಹಲಗೆಗಳನ್ನು ಕಬ್ಬಿಣದಿಂದ ಬಂಧಿಸಲಾಗದೆಂದೂ, ಬಂಧಿಸಿದರೆ ಕಡಲಿನ ಅಯಸ್ಕಾಂತಶಿಲೆಗಳು ಅದನ್ನು ಸೆಳೆದುಕೊಳ್ಳುವುವೆಂದೂ ವಿಧಿಸಿದೆ. ಅಲ್ಲಿ ಹೇಳಿದ ಕಾರಣವು ಕಲ್ಪಿತವಾಗಿರಬಹುದು. ಆದರೆ ಹೊಲಿದ ಹಲಗೆಯು ಅಲೆಯ ಪೆಟ್ಟಿಗೆ ಬಾಗಿ ತಾಳುವುದೆಂಬುದೂ, ಮರಳಿನ ಮೇಲೆ ಎಳೆದರೂ ಬೇಗ ಬಿರಿಯದೆಂಬುದೂ ಅನುಭವಸಿದ್ಧವಾದುವು.

ಕಬ್ಬಿಣವನ್ನು ಇಷ್ಟು ದೂರವಿಟ್ಟಿದ್ದ ನೌಕಾಶಿಲ್ಪವು ಮಣಗಟ್ಟಲೆ ಕಬ್ಬಿಣದ ಎಂಜಿನನ್ನು ಒಡಲಲ್ಲಿ ಧರಿಸುವಂತಾದುದು ಹೇಗೆ? ನೆಲಕ್ಕೆಂದು ಹುಟ್ಟಿದ ಆ ಎಂಜಿನು ನೀರಿಗೆ ಒಗ್ಗುವುದು ತನ್ನ ಯಾವ ಅಂಗದಿಂದ? ಇವೆರಡೇ ಪ್ರಕೃತ ಪ್ರಶ್ನೆಗಳು. ದೋಣಿಗಳ ಯಾಂತ್ರೀಕರಣವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಎಂಜಿನಿನ ಅಶ್ವಶಕ್ತಿಯನ್ನು ಮಾತ್ರ ಎಣಿಸುತ್ತಾರೆ. ಆದರೆ ಎಂಜಿನು ಸಮುದ್ರಯೋಗ್ಯವಾಗುವುದು ಬಲದಿಂದಷ್ಟೇ ಅಲ್ಲ. ಆ ಬಲಕ್ಕೆ ಅಳತೆಯನ್ನು ಕೊಡುವ ಇಂಜೆಕ್ಷನ್ ಪಂಪಿನಿಂದ, ಅದರಲ್ಲಿಯೂ ಪಂಪಿನೊಡನಿರುವ ಗವರ್ನರಿನಿಂದ, ಎಂಬುದನ್ನು ಮುಂದೆ ತೋರಿಸಲಾಗುವುದು.

೨

ಮೊದಲು ದೇಶಕಾಲಗಳನ್ನು ಗಮನಿಸಬೇಕು. ಕನ್ನಡ ಜಿಲ್ಲೆಯು ಎರಡಾಗಿ, ಉತ್ತರಭಾಗವು ೧೮೬೨ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ದಕ್ಷಿಣಭಾಗವು ಮದರಾಸಿನಲ್ಲಿಯೇ ಉಳಿಯಿತು. ಹೀಗಾಗಿ ೧೯೫೬ನೆಯ ನವೆಂಬರ್ ೧ರ ವರೆಗೆ ಭಟ್ಕಳದ ದೋಣಿಯು ಒಂದು ಸರ್ಕಾರಕ್ಕೂ, ಅದರ ನೆರೆಯ ಬೈಂದೂರಿನ ದೋಣಿಯು ಇನ್ನೊಂದು ಸರ್ಕಾರಕ್ಕೂ ಒಳಪಟ್ಟಿದ್ದುವು. ಕಡಲೂ ಮೀನೂ ಒಂದೇ. ಮೊಗೇರ, ಖಾರ್ವಿ, ಹರಿಕಂತ್ರ, ದಾಲ್ದಿ ಮೊದಲಾದ ಜನಗಳ ಕಸುಬೂ ಒಂದೇ.

ಯಾಂತ್ರೀಕರಣವು ಪಶ್ಚಿಮತೀರದಲ್ಲಿ ಎರಡು ದಾರಿಗಳಿಂದ ಬಂದಿತು. ಮುಂಬಯಿ ಮತ್ತು ಸೌರಾಷ್ಟ್ರಗಳ ಕಡೆಯಲ್ಲಿ ಹಾಯಿದೋಣಿಗಳು ಗಟ್ಟಿಯಾದ ಅಡಿಮರವುಳ್ಳ ದೊಡ್ಡ ದೋಣಿಗಳಾಗಿದ್ದುದರಿಂದ, ಇದ್ದ ದೋಣಿಗೇ ಎಂಜಿನನ್ನು ಕೂಡಿಸುವುದು ಸಾಧ್ಯವಾಯಿತು. ತೆಂಕಣ ಕೇರಳದಲ್ಲಿ ಪರಿಸ್ಥಿತಿಯು ಬೇರೆ. ೧೯೫೨ರಲ್ಲಿ ಭಾರತ, ನಾರ್ವೆ ಮತ್ತು ಸಂಯುಕ್ತರಾಷ್ಟ್ರಸಂಘಗಳ ನಡುವೆ ಆದ ಒಪ್ಪಂದದಂತೆ ಕೊಲ್ಲಂ ಬಳಿಯ ನೀಂಡಕರದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆಯು ಆರಂಭವಾಯಿತು. ಅಲ್ಲಿಯ ಮರದೋಣಿಗಳು ಎಂಜಿನಿನ ಭಾರಕ್ಕೂ ಕಂಪನಕ್ಕೂ ತಕ್ಕುವಲ್ಲವೆಂದು ಕಂಡುದರಿಂದ ಹೊಸ ಮಾದರಿಯ ಸಣ್ಣ ದೋಣಿಗಳನ್ನೇ ಕಟ್ಟಬೇಕಾಯಿತು. ೧೯೬೦ರ ದಶಕದಲ್ಲಿ ಆ ಯೋಜನೆಯು ಕಾರವಾರಕ್ಕೂ ವಿಸ್ತರಿಸಿತು. ಕನ್ನಡತೀರದ ಹೊಲಿದ ದೋಣಿಗಳ ಗತಿಯೂ ಇದೇ: ಎಂಜಿನಿನ ಎಡೆಬಿಡದ ನಡುಕವನ್ನು ಹುರಿಯ ಹೊಲಿಗೆಯು ತಾಳಲಾರದು. ಆದುದರಿಂದ ಎಂಜಿನಿನೊಡನೆ ಮೊಳೆ ಬೋಲ್ಟುಗಳ ದೋಣಿಯೂ ಬಂದಿತು. ೧೯೭೦ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆಯು ಹಬ್ಬಲು, ದಡದಿಂದ ನೂರಾರು ಕೈಗಳು ಎಳೆಯುತ್ತಿದ್ದ ರಂಪಣಿಯು ಹಿಂದೆ ಸರಿಯಿತು.

ಈ ದೋಣಿಗಳಲ್ಲಿ ಕುಳಿತ ಎಂಜಿನುಗಳೆಲ್ಲವೂ ಸಮುದ್ರಕ್ಕೆಂದೇ ಹುಟ್ಟಿದವಲ್ಲ. ಅಶೋಕ್ ಲೇಲ್ಯಾಂಡ್ ಸಂಸ್ಥೆಯು ಲಾರಿ ಬಸ್ಸುಗಳ ಎಂಜಿನುಗಳ ಜಾತಿಯನ್ನೇ ಸಮುದ್ರಕ್ಕೆ ಹೊಂದಿಸಿ ಮಾರಿತು. ಹೀಗೆ ನೆಲದ ಎಂಜಿನನ್ನು ನೀರಿಗೆ ತರುವಾಗ ತಂಪುಮಾಡುವ ಏರ್ಪಾಟು, ಗೇರುಪೆಟ್ಟಿಗೆ, ಪಂಪು - ಈ ಮೂರೂ ಬದಲಾಗಬೇಕಾಗುವುವು. ಮೊದಲಿನೆರಡು ಕಣ್ಣಿಗೆ ಕಾಣುವ ಬದಲಾವಣೆಗಳು, ಮೂರನೆಯದು ಕಾಣದು.

೩

ಪಂಪಿನ ಚರಿತ್ರೆಯು ಎಂಜಿನಿನ ಚರಿತ್ರೆಗಿಂತ ಭಿನ್ನವಾದುದು. ರುಡಾಲ್ಫ್ ಡೀಸೆಲನ ಎಂಜಿನು ೧೮೯೭ರಲ್ಲಿ ಆಗ್ಸ್‌ಬರ್ಗಿನಲ್ಲಿ ಪರೀಕ್ಷೆಗೆ ನಿಂತು ಗೆದ್ದಿತು. ಆದರೆ ಅದರೊಳಗೆ ಎಣ್ಣೆಯನ್ನು ಊದುತ್ತಿದ್ದುದು ಅರುವತ್ತು ಎಪ್ಪತ್ತು ವಾಯುಮಂಡಲಗಳ ಒತ್ತಡದ ಗಾಳಿ. ಆ ಗಾಳಿಯನ್ನು ಒತ್ತುವ ಯಂತ್ರವೇ ದೊಡ್ಡ ಹೊರೆಯಾದುದರಿಂದ ಡೀಸೆಲ್ ಎಂಜಿನು ಕಾರ್ಖಾನೆಗಳಿಗೂ ದೊಡ್ಡ ಹಡಗುಗಳಿಗೂ ಮೀಸಲಾಯಿತು. ಸಣ್ಣ ದೋಣಿಗೆ ಇಳಿಯಲಿಲ್ಲ. ಇದಕ್ಕೆ ಮುಂಚೆಯೇ ಇಂಗ್ಲೆಂಡಿನ ಹರ್ಬರ್ಟ್ ಅಕ್ರಾಯ್ಡ್ ಸ್ಟುವರ್ಟನು ೧೮೯೦ರ ಪೇಟೆಂಟಿನಲ್ಲಿ ಗಾಳಿಯ ನೆರವಿಲ್ಲದೆ ಪಂಪಿನಿಂದಲೇ ಎಣ್ಣೆಯನ್ನು ನುಗ್ಗಿಸುವ ಕ್ರಮವನ್ನು ಹಿಡಿದಿದ್ದನು. ೧೯೧೦ರಲ್ಲಿ ವಿಕರ್ಸ್ ಸಂಸ್ಥೆಯ ಮೆಕೆಕ್ನಿಯು ಅಧಿಕ ಒತ್ತಡದ ದ್ರವಕ್ಷೇಪವನ್ನು ಸಾಧಿಸಿದನು. ಕೊನೆಗೆ ರಾಬರ್ಟ್ ಬಾಷನ ಸಂಸ್ಥೆಯು ೧೯೨೨ರ ಕೊನೆಯಲ್ಲಿ ಕೈಹಾಕಿ, ೧೯೨೭ರಲ್ಲಿ ಇಂಜೆಕ್ಷನ್ ಪಂಪುಗಳನ್ನು ಸಾಲುಸಾಲಾಗಿ ತಯಾರಿಸತೊಡಗಿತು. ಲಾರಿಗೂ ಸಣ್ಣ ದೋಣಿಗೂ ಡೀಸೆಲ್ ಎಂಜಿನು ಸುಲಭವಾದುದು ಇದಾದ ಮೇಲೆಯೇ. ಎಂಜಿನು ಹುಟ್ಟಿ ಮೂವತ್ತು ವರ್ಷಗಳವರೆಗೆ ತನ್ನ ಅಳತೆಗಾರನಿಗಾಗಿ ಕಾದಿತ್ತೆಂದು ಹೇಳಬಹುದು.

ಈ ಚರಿತ್ರೆಯ ಮುಂದಿನ ಅಧ್ಯಾಯವು ಕನ್ನಡನಾಡಿನದೇ. ೧೯೫೧ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು ಸ್ಥಾಪಿತವಾಯಿತು. ಆಡುಗೋಡಿಯ ಅದರ ಕಾರ್ಖಾನೆಯಿಂದ ಬಂದ ಪಂಪು ನಾಜಲುಗಳು ‘ಮೈಕೊ’ ಎಂಬ ಹೆಸರಿನಿಂದ ಹೆದ್ದಾರಿಯಿಂದ ಹೊಲದವರೆಗೆ ಮನೆಮಾತಾದುವು. ೨೦೦೮ರಲ್ಲಿ ಸಂಸ್ಥೆಯ ಹೆಸರು ಬಾಷ್ ಎಂದು ಬದಲಾಯಿತು. ಘಟ್ಟದ ಮೇಲೆ ತಯಾರಾದ ಪಂಪು ಘಟ್ಟದ ಕೆಳಗಿನ ದೋಣಿಗೆ ದೊರೆಯುವಂತಾದುದು ಯಾಂತ್ರೀಕರಣಕ್ಕೆ ಸಣ್ಣ ಉಪಕಾರವಲ್ಲ.

೪

ಪಂಪಿನ ಕಾರ್ಯವನ್ನು ಸಾಹಿತ್ಯಾಧ್ಯಾಪಕರಿಗೆ ಒಂದೇ ಪದದಲ್ಲಿ ತಿಳಿಸಬಹುದು: ಮಾತ್ರೆ. ನೂರು ಅಶ್ವಶಕ್ತಿಯ, ಆರು ಸಿಲಿಂಡರುಗಳ ಎಂಜಿನೊಂದು ನಿಮಿಷಕ್ಕೆ ೧,೮೦೦ ಸುತ್ತು ತಿರುಗುತ್ತ, ಅಶ್ವಶಕ್ತಿಯೊಂದಕ್ಕೆ ಗಂಟೆಗೆ ೧೭೦ ಗ್ರಾಂ ಎಣ್ಣೆಯನ್ನು ಉರಿಸುವುದೆಂದು ಎಣಿಸೋಣ. ಚತುಷ್ಕ್ರಮದ ಎಂಜಿನಿನಲ್ಲಿ ಪ್ರತಿಯೊಂದು ಸಿಲಿಂಡರಿಗೂ ಎರಡು ಸುತ್ತಿಗೊಮ್ಮೆ ಎಣ್ಣೆಯು ಬೀಳತಕ್ಕದ್ದಾದುದರಿಂದ, ಗಂಟೆಗೆ ೩,೨೪,೦೦೦ ಸಲ ಪಂಪು ಎಣ್ಣೆಯನ್ನು ಅಳೆದು ಕೊಡಬೇಕು. ಒಂದೊಂದು ಸಲದ ಅಳತೆಯು ಸುಮಾರು ೬೨ ಘನ ಮಿಲಿಮೀಟರು, ಎಂದರೆ ಹೆಚ್ಚುಕಡಮೆ ಒಂದು ಹನಿ. ಈ ಹನಿಯು ಆರು ಸಿಲಿಂಡರುಗಳಿಗೂ ಸಮನಾಗಿರಬೇಕು, ಕಾಲ ತಪ್ಪದೆ ಬೀಳಬೇಕು, ಮಂಜಿನಂತೆ ಒಡೆಯಬೇಕು.

ಇದನ್ನು ಸಾಧಿಸುವ ಬಗೆಯು ಸೊಗಸಾದುದು. ಕ್ಯಾಮಿನ ಒತ್ತಿಗೆ ಪ್ಲಂಜರು ಯಾವಾಗಲೂ ಒಂದೇ ಎತ್ತರಕ್ಕೆ ಏರುತ್ತದೆ. ಅದರ ಮೈಯಲ್ಲಿ ಓರೆಯಾಗಿ ಕೊರೆದ ಅಂಚೊಂದಿದೆ. ಅದು ಕೊಳವೆಯ ಪಕ್ಕದ ರಂಧ್ರವನ್ನು ಮುಟ್ಟಿದೊಡನೆ ಎಣ್ಣೆಯು ಹಿಂದಕ್ಕೆ ಹರಿದು ಕ್ಷೇಪವು ನಿಲ್ಲುತ್ತದೆ. ಹಲ್ಲಿನ ಪಟ್ಟಿಯಾದ ರ್ಯಾಕು ಪ್ಲಂಜರನ್ನು ತುಸು ತಿರುಗಿಸಿದರೆ ಆ ಮುಟ್ಟುವ ಕ್ಷಣವು ಹಿಂದುಮುಂದಾಗಿ ಎಣ್ಣೆಯ ಅಳತೆಯು ಬದಲಾಗುವುದು. ಅಕ್ಷರವೊಂದೇ ಆದರೂ ಲಘುವಾದರೆ ಒಂದು ಮಾತ್ರೆ, ಗುರುವಾದರೆ ಎರಡು ಮಾತ್ರೆ ಆಗುವಂತೆ, ಏರಿಕೆ ಒಂದೇ ಆದರೂ ಪರಿಣಾಮದ ಮಾತ್ರೆ ಬೇರೆ ಬೇರೆ. ಪ್ಲಂಜರಿಗೂ ಕೊಳವೆಗೂ ನಡುವೆ ಇರುವ ಎಡೆಯು ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳಷ್ಟು.

೫

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ: ಸಿಲಿಂಡರುಗಳ ಸಂಖ್ಯೆಯು ಒಂದೇ ಆಗಿದ್ದರೆ ಯಾವ ಪಂಪಾದರೂ ಸಾಲದೆ? ಎಂಜಿನಿನೊಡನೆ ಬಂದ ಲಾರಿಯ ಪಂಪೇ ಇರಲಿ; ಬೇರೆಯದಕ್ಕೆ ಹಣವೇಕೆ?

ಸಾಲದು. ಸುತ್ತುವ ದಿಕ್ಕು, ಸಿಲಿಂಡರುಗಳು ಉರಿಯುವ ಅನುಕ್ರಮ, ಕ್ಷೇಪದ ಕಾಲ, ಹನಿಯ ಅಳತೆ - ಇಷ್ಟೂ ಹೊಂದಬೇಕು. ಇವುಗಳಲ್ಲಿ ತಪ್ಪಿದರೆ ಎಂಜಿನು ಕೂಡಲೇ ತಿಳಿಸುವುದು. ಕೂಡಲೇ ತಿಳಿಯದ ದೋಷವೆಂದರೆ ಗವರ್ನರಿನದು. ಗವರ್ನರಿಗೆ ‘ನಿಯಾಮಕ’ವೆಂಬ ಶಬ್ದವನ್ನು ಬಳಸಬಹುದು, ಅಮರಕೋಶದ ವಾರಿವರ್ಗದಲ್ಲಿ ಆ ಶಬ್ದವು ನೌಕೆಯನ್ನು ನಡೆಸುವವನಿಗೆ ಹೆಸರಾಗಿರುವುದು ಈ ಪ್ರಸಂಗಕ್ಕೆ ಬಹಳ ಉಚಿತವಾಗಿದೆ. ನಿಯಾಮಕವು ಮೂರು ಬಗೆ.

ಮೊದಲನೆಯದು ರಸ್ತೆಯದು. ಇದು ಎಂಜಿನು ಅತಿ ನಿಧಾನವಾದಾಗ ಆರದಂತೆಯೂ ಅತಿ ವೇಗವಾದಾಗ ಮೀರದಂತೆಯೂ ತಡೆಯುವುದು. ನಡುವಣ ವೇಗಗಳನ್ನು ಚಾಲಕನ ಕಾಲಿಗೇ ಬಿಡುವುದು. ಎರಡನೆಯದು ವಿದ್ಯುಜ್ಜನಕದ್ದು. ಇದು ನಿಮಿಷಕ್ಕೆ ೧,೫೦೦ ಸುತ್ತೆಂಬ ಒಂದೇ ವೇಗವನ್ನು ಬಿಗಿಯಾಗಿ ಹಿಡಿಯುವುದು. ಮೂರನೆಯದು ಸರ್ವವೇಗದ್ದು. ಸನ್ನೆಯನ್ನು ಯಾವ ವೇಗಕ್ಕೆ ಇಟ್ಟರೂ ಆ ವೇಗವನ್ನು ತಾನೇ ಕಾಯುವುದು.

ದೋಣಿಗೆ ಬೇಕಾದುದು ಈ ಮೂರನೆಯದು. ಏಕೆಂದರೆ ಪ್ರೊಪೆಲ್ಲರು ಬಯಸುವ ಶಕ್ತಿಯು ವೇಗದ ಘನದಂತೆ ಬೆಳೆಯುತ್ತದೆ. ವೇಗವನ್ನು ಅರ್ಧಕ್ಕಿಳಿಸಿದರೆ ಶಕ್ತಿಯು ಎಂಟರಲ್ಲೊಂದಾಗುವುದು. ಅಲೆಯು ದೋಣಿಯ ಹಿಂಭಾಗವನ್ನು ಎತ್ತಿದಾಗ ಪ್ರೊಪೆಲ್ಲರು ನೀರಿನ ಹಿಡಿತವನ್ನು ಕಳೆದುಕೊಂಡು ಹೊರೆಯು ಒಮ್ಮೆಗೇ ಇಳಿಯುವುದು. ಮರುಕ್ಷಣವೇ ಮುಳುಗಿ ಹೊರೆಯು ಏರುವುದು. ರಸ್ತೆಯ ನಿಯಾಮಕವುಳ್ಳ ಎಂಜಿನು ಇಂತಹ ಹೊತ್ತಿನಲ್ಲಿ ಒಮ್ಮೆ ಹುಚ್ಚೆದ್ದು ಓಡುತ್ತದೆ, ಒಮ್ಮೆ ಸೊರಗಿ ನಿಲ್ಲುವಂತಾಗುತ್ತದೆ. ಲಾರಿಯಲ್ಲಿ ಚಾಲಕನ ಕಾಲು ಇದನ್ನು ತಿದ್ದುವುದು. ದೋಣಿಯಲ್ಲಿ ತಾಂಡೇಲನ ಕೈ ಚುಕ್ಕಾಣಿಯ ಮೇಲಿದೆ, ಕಣ್ಣು ಅಲೆಯ ಮೇಲಿದೆ. ಅಳಿವೆಯ ಮರಳುದಿಣ್ಣೆಯ ಮೇಲೆ ತೆರೆಗಳು ಒಡೆಯುವಾಗ ಎಂಜಿನು ನಿಂತರೆ ದೋಣಿಯು ತೆರೆಗೆ ಅಡ್ಡವಾಗುವುದು. ಅಡ್ಡವಾದ ದೋಣಿಯು ಮಗುಚುವುದು. ಅಲ್ಲಿ ಪಂಪಿನ ಆಯ್ಕೆಯು ಪ್ರಾಣದ ಪ್ರಶ್ನೆಯಾಗುತ್ತದೆ.

ಇದಕ್ಕೆ ಸೇರಿದ ಇನ್ನೊಂದು ಸೂಕ್ಷ್ಮವುಂಟು. ಲಾರಿಯು ಪೂರ್ಣಬಲವನ್ನು ಏರಿನಲ್ಲಿ ಮಾತ್ರ, ಸ್ವಲ್ಪ ಹೊತ್ತು, ಬಳಸುವುದು. ಬಲೆಯನ್ನೆಳೆಯುವ ದೋಣಿಯು ಗಂಟೆಗಟ್ಟಲೆ ಭಾರದಲ್ಲಿಯೇ ಇರುವುದು. ಆದುದರಿಂದ ಪರಿವರ್ತಿತವಾದ ಎಂಜಿನಿನಲ್ಲಿ ಪರಮಾವಧಿಯ ಹನಿಯನ್ನು ಕಡಮೆಮಾಡಿ, ಪರೀಕ್ಷಾಯಂತ್ರದ ಮೇಲೆ ಅಳೆದು, ಮುದ್ರೆ ಹಾಕಿಸತಕ್ಕದ್ದು. ಹೆಚ್ಚು ಎಣ್ಣೆ ಬಿಟ್ಟರೆ ಹೆಚ್ಚು ಬಲ ಬಂದೀತೆಂಬ ಆಸೆಯು ಕರಿಹೊಗೆಯಲ್ಲಿಯೂ ಸುಟ್ಟ ಪಿಸ್ಟನ್ನಿನಲ್ಲಿಯೂ ಪರ್ಯವಸಾನವಾಗುವುದು.

೬

ಇನ್ನು ಪಂಪಿನ ಜಾತಿ. ಒಂದೊಂದು ಸಿಲಿಂಡರಿಗೆ ಒಂದೊಂದು ಪ್ಲಂಜರಿರುವ ಸಾಲುಪಂಪು ಭಾರವಾದುದು, ಬೆಲೆಯೂ ಹೆಚ್ಚು. ಒಂದೇ ಅಂಗವು ಸರದಿಯಂತೆ ಎಲ್ಲ ಸಿಲಿಂಡರುಗಳಿಗೂ ಹಂಚುವ ಹಂಚುಪಂಪು ಹಗುರವಾದುದು. ಆದರೆ ಸಾಲುಪಂಪಿನ ಕ್ಯಾಮುಗಳು ಪ್ರತ್ಯೇಕವಾದ ಎಣ್ಣೆಯಲ್ಲಿ ನೆನೆದಿರುವುವು. ಹಂಚುಪಂಪಿನ ಒಳಗಿನ ಅಂಗಗಳೆಲ್ಲಕ್ಕೂ ಡೀಸೆಲೇ ಜಿಡ್ಡು. ಸಮುದ್ರದಲ್ಲಿ ಡೀಸೆಲಿನೊಳಕ್ಕೆ ನೀರು ಸೇರುವುದು ನಿತ್ಯದ ಸಂಗತಿಯಾದುದರಿಂದ ಹಂಚುಪಂಪು ಬೇಗ ಕೆಡುವುದು. ಸಾಲುಪಂಪಿನ ಪ್ಲಂಜರುಗಳೂ ನೀರಿಗೆ ಅಂಜುವುವು. ನೀರನ್ನು ಬೇರ್ಪಡಿಸುವ ಸೋಸುಕವು ಎರಡಕ್ಕೂ ಅವಶ್ಯ. ಆದರೂ ದುಡಿಮೆಯ ದೋಣಿಗೆ ಸಾಲುಪಂಪೇ ಹೆಚ್ಚು ಸಹಿಷ್ಣುವೆಂದು ತೀರ್ಮಾನಿಸಬಹುದು.

೧೯೯೭ರಲ್ಲಿ ಮೋಟಾರುಗಾಡಿಗಳಿಗೆ ಬಂದ ವಿದ್ಯುನ್ಮಾನ ನಿಯಂತ್ರಣದ ಕಾಮನ್ ರೈಲ್ ಪದ್ಧತಿಯು ಎಣ್ಣೆಯನ್ನು ಇನ್ನೂ ಸೂಕ್ಷ್ಮವಾಗಿ ಅಳೆಯುವುದು, ಹೊಗೆಯನ್ನೂ ತಗ್ಗಿಸುವುದು. ಅದರ ಗುಣವನ್ನು ಅಲ್ಲಗಳೆಯಲಾಗದು. ಆದರೆ ಅದು ವಿದ್ಯುತ್ತನ್ನೂ ತಂತಿಗಳನ್ನೂ ನೆಚ್ಚಿದುದು. ಉಪ್ಪುನೀರು ಇವೆರಡಕ್ಕೂ ಶತ್ರು. ಯಾಂತ್ರಿಕವಾದ ಸಾಲುಪಂಪು ಎಂಜಿನಿನಿಂದಲೇ ತಿರುಗುವುದರಿಂದ, ಓಡುತ್ತಿರುವ ಎಂಜಿನಿಗೆ ಬ್ಯಾಟರಿ ಸತ್ತರೂ ದಡ ಸೇರುವ ಆಸೆಯುಂಟು.

ಕರ್ನಾಟಕದ ತೀರದಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ ೧ರಿಂದ ಜುಲೈ ೩೧ರ ವರೆಗೆ ೬೧ ದಿನಗಳ ನಿಷೇಧವುಂಟು. ಪಂಪನ್ನು ಬಿಚ್ಚಿ, ಪರೀಕ್ಷೆಗೆ ಕಳುಹಿಸಿ, ನಿಯಾಮಕವನ್ನು ಸರಿಪಡಿಸಿಕೊಳ್ಳಲು ಈ ಎರಡು ತಿಂಗಳುಗಳೇ ತಕ್ಕ ಕಾಲ. ಹಿಂದೆ ಇದೇ ಮಳೆಗಾಲದಲ್ಲಿ ದೋಣಿಗಳನ್ನು ದಡಕ್ಕೆಳೆದು ಹೊಲಿಗೆಯ ಹುರಿಯನ್ನು ಬದಲಿಸುತ್ತಿದ್ದರು. ಸಾಧನವು ಬದಲಾಯಿತು, ಧರ್ಮವು ಬದಲಾಗಲಿಲ್ಲ: ಕಡಲಿಗಿಳಿಯುವ ಮುನ್ನ ಜೀವವನ್ನು ಹೊರುವ ಕಟ್ಟನ್ನು ನೋಡಿಕೊಳ್ಳತಕ್ಕದ್ದು. ಅಂದಿನ ಕಟ್ಟು ನಾರಿನ ಹುರಿ. ಇಂದಿನದು ಹನಿಯ ಅಳತೆ. ಕರಾವಳಿಯ ನೌಕಾಚರಿತ್ರೆಯನ್ನು ಬರೆಯುವವರು ಹಾಯಿ ಹುಟ್ಟುಗಳ ಸಾಲಿನಲ್ಲಿ ಇಂಜೆಕ್ಷನ್ ಪಂಪಿಗೂ ಒಂದು ಸ್ಥಾನವನ್ನು ಕೊಡುವುದು ಯುಕ್ತವಾಗಿದೆ.