ವ್ಯವಹಾರಸ್ಥರ ಭಾಷಣಶಿಕ್ಷಣ

ವರ್ತಕರು, ಮಾರಾಟಗಾರರು, ಗುಮಾಸ್ತರು, ಅಧಿಕಾರಿಗಳು ಮೊದಲಾದವರಿಗೆ ಸಭೆಯಲ್ಲಿ ನಿರ್ಭೀತಿಯಿಂದಲೂ ಸ್ಪಷ್ಟವಾಗಿಯೂ ಮಾತನಾಡಲು ಕಲಿಸುವ ಶಿಕ್ಷಣಪದ್ಧತಿ; ಈಗ ಪ್ರಚಾರದಲ್ಲಿರುವ ರೂಪವನ್ನು ಇದು ತಾಳಿದುದು ಇಪ್ಪತ್ತನೆಯ ಶತಮಾನದ ಪ್ರಾರಂಭದಲ್ಲಿ, ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ. ವಾಗ್ಮಿತೆಗೂ ಹಣಕಾಸಿಗೂ ಇರುವ ನಂಟು ಮಾತ್ರ ಬಹು ಪುರಾತನವಾದುದು. ಕ್ರಿ. ಪೂ. ಐದನೆಯ ಶತಮಾನದಲ್ಲಿ ಸಿಸಿಲಿ ದ್ವೀಪದ ಸಿರಕ್ಯೂಸ್ ನಗರದಲ್ಲಿ ನಿರಂಕುಶ ಪ್ರಭುಗಳ ಆಳ್ವಿಕೆ ಅಳಿದ ಮೇಲೆ, ಅವರು ಕಸಿದುಕೊಂಡಿದ್ದ ಭೂಮಿಯನ್ನು ಮರಳಿ ಪಡೆಯಲು ನ್ಯಾಯಸಭೆಗೆ ಬಂದ ಜನರಿಗೆ ಕೊರಾಕ್ಸ್ ಮತ್ತು ಟೀಸಿಯಸ್ ಎಂಬವರು ವಾದಕ್ರಮವನ್ನು ಕಲಿಸಿದರೆಂದು ಐತಿಹ್ಯವಿರುವುದರಿಂದ, ಪಾಶ್ಚಾತ್ಯ ಭಾಷಣಶಾಸ್ತ್ರದ ಉಗಮವೇ ಆಸ್ತಿಯ ವ್ಯಾಜ್ಯದಲ್ಲಿದೆ ಎನ್ನಬಹುದು. ವ್ಯಾಪಾರಿಗಳ ಕೈಸೇರಿ ಈ ಕಲೆ ಮೈಲಿಗೆಯಾಯಿತೆಂದು ಮೂಗು ಮುರಿಯುವ ಪಂಡಿತರು ಇದನ್ನು ಮರೆಯುವುದುಂಟು.

ಹದಿನೆಂಟನೆಯ ಶತಮಾನದ ಬ್ರಿಟನ್ನಿನಲ್ಲಿ ಶಿಕ್ಷಕರ ಗಮನವು ವಿಷಯದಿಂದ ಸ್ವರ ಮತ್ತು ಅಂಗವಿನ್ಯಾಸಗಳ ಕಡೆಗೆ ಹೊರಳಿತು. ನಟನಾಗಿದ್ದ ಥಾಮಸ್ ಷೆರಿಡನ್ 1762ರಲ್ಲಿ ತನ್ನ ಉಪನ್ಯಾಸಗಳನ್ನು ಪ್ರಕಟಿಸಿದನು. ಗಿಲ್ಬರ್ಟ್ ಆಸ್ಟಿನ್ನನು 1806ರ ‘ಕೈರೊನೋಮಿಯ’ ಎಂಬ ಗ್ರಂಥದಲ್ಲಿ ಭಾಷಣಕಾರನನ್ನು ಒಂದು ಕಲ್ಪಿತ ಗೋಳದ ನಡುವೆ ನಿಲ್ಲಿಸಿ, ಅವನ ಕೈಗಳ ಚಲನೆಗಳನ್ನು ಸಂಕೇತಾಕ್ಷರಗಳಿಂದ ಗುರುತಿಸಿದನು. ಹಸ್ತಮುದ್ರೆಗಳನ್ನು ಬಲ್ಲ ನಮ್ಮವರಿಗೆ ಇದು ತೀರ ಅಪರಿಚಿತವೆನಿಸದು. ಆದರೆ ನರ್ತಕಿಗೆ ಒಪ್ಪುವ ಭಂಗಿ ವರ್ಷದ ಲೆಕ್ಕ ಒಪ್ಪಿಸುವವನಿಗೆ ಒಪ್ಪುವುದಿಲ್ಲ.

ಈ ಕೃತಕತೆಯಿಂದ ಬಿಡುಗಡೆ ದೊರೆತುದು ವಿದ್ಯಾಪೀಠಗಳಿಗಿಂತ ಹೆಚ್ಚಾಗಿ ವೈ.ಎಂ.ಸಿ.ಎ. ಸಂಸ್ಥೆಯ ಸಂಜೆಯ ತರಗತಿಗಳಿಂದ. ಮಿಸೌರಿ ಪ್ರಾಂತದ ಬಡ ರೈತಕುಟುಂಬದಲ್ಲಿ 1888ರಲ್ಲಿ ಜನಿಸಿ, ಮಾಂಸ ಮತ್ತು ಸಾಬೂನುಗಳನ್ನು ಮಾರಿ, ನಾಟಕರಂಗದಲ್ಲಿ ಅದೃಷ್ಟ ಪರೀಕ್ಷಿಸಿ, ಅಲ್ಲಿಯೂ ನೆಲೆಗಾಣದೆ ನ್ಯೂಯಾರ್ಕಿನಲ್ಲಿ ಟ್ರಕ್ಕುಗಳ ಮಾರಾಟಕ್ಕಿಳಿದಿದ್ದ ಡೇಲ್ ಕಾರ್ನೆಗಿ, 1912ರಲ್ಲಿ ಆ ನಗರದ 125ನೆಯ ಬೀದಿಯ ವೈ.ಎಂ.ಸಿ.ಎ.ಯಲ್ಲಿ ಪಾಠ ಹೇಳಲು ಮುಂದೆ ಬಂದಾಗ, ಸಂಸ್ಥೆಯವರು ಆತ ಕೇಳಿದ 2 ಡಾಲರುಗಳ ದಿನಸಂಬಳವನ್ನು ಕೊಡಲೊಪ್ಪದೆ, ಬಂದ ಶುಲ್ಕದಲ್ಲಿ ಪಾಲು ಕೊಡುವುದಾಗಿ ಹೇಳಿದರು. ಮೊದಲ ತರಗತಿಯ ನಡುವೆಯೇ ಹೇಳಬೇಕಾದುದೆಲ್ಲ ಮುಗಿದುಹೋಗಲು, ದಿಕ್ಕು ತೋಚದೆ ಆತ ವಿದ್ಯಾರ್ಥಿಗಳನ್ನೇ ಎಬ್ಬಿಸಿ, ಅವರಿಗೆ ಕೋಪ ತರಿಸಿದ ಸಂಗತಿಯೊಂದನ್ನು ಕುರಿತು ಮಾತನಾಡಿರೆಂದನೆಂಬ ವೃತ್ತಾಂತ ಪ್ರಸಿದ್ಧವಾಗಿದೆ. ಅಳುಕು ಹೊರಗಿನ ಅಲಂಕಾರದಿಂದ ಅಳಿಯುವುದಲ್ಲ, ತಾನು ಉಂಡು ಅರಿತುದನ್ನು ಹೇಳತೊಡಗಿದವನಿಗೆ ಭಯಪಡಲು ಬಿಡುವೇ ಇರದು ಎಂಬ ಆತನ ಬೋಧನೆಗೆಲ್ಲ ಈ ಪೇಚಾಟವೇ ಬುನಾದಿಯಾಯಿತು. ವ್ಯವಹಾರಸ್ಥರಿಗೆಂದೇ ಬರೆದ ಆತನ ಪಠ್ಯಪುಸ್ತಕ 1926ರಲ್ಲಿಯೂ, ಕೀರ್ತಿ ತಂದ ಮಿತ್ರಲಾಭದ ಕೈಪಿಡಿ 1936ರಲ್ಲಿಯೂ ಹೊರಬಂದುವು. ಎರಡನೆಯದರಲ್ಲಿ ಮುಗುಳ್ನಗೆಯ ಉಪದೇಶ ಕೊಂಚ ಅತಿಯಾಯಿತೆಂದು ನಮಗೆ ತೋರುತ್ತದೆ.

ಗುರುವಿಲ್ಲದ ಶಾಲೆಯನ್ನು ಕಟ್ಟಿದವನು ರಾಲ್ಫ್ ಸ್ಮೆಡ್ಲಿ. ಈತನೂ ವೈ.ಎಂ.ಸಿ.ಎ.ಯ ನೌಕರನೇ. ಇಲಿನಾಯ್ ಪ್ರಾಂತದ ಬ್ಲೂಮಿಂಗ್ಟನ್ನಿನಲ್ಲಿ 1905ರಲ್ಲಿ ಆರಂಭಿಸಿದ ಕೂಟವೂ, ಅನಂತರ ವರ್ಗವಾಗಿ ಹೋದೆಡೆಗಳಲ್ಲಿ ಸ್ಥಾಪಿಸಿದ ಕೂಟಗಳೂ ಆತ ಊರು ಬಿಟ್ಟೊಡನೆ ಸೊರಗಿದುವು. 1924ರ ಅಕ್ಟೋಬರ್ 22ರಂದು ಕ್ಯಾಲಿಫೋರ್ನಿಯದ ಸಾಂಟಾ ಆನಾದಲ್ಲಿ, ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಸೇರಿದ ಕೂಟ ಮಾತ್ರ ಬೇರೂರಿತು. ಔತಣಗಳಲ್ಲಿ ಭಾಷಣಕಾರರನ್ನು ಪರಿಚಯಿಸುವವನ ಬಿರುದಿನಿಂದಲೇ ಇದಕ್ಕೆ ಟೋಸ್ಟ್‌ಮಾಸ್ಟರ್ಸ್ ಎಂಬ ಹೆಸರು ಬಂದಿತು. 1932ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯಾಗಿ ನೋಂದಣಿಯಾದ ಈ ಬಳಗಕ್ಕೆ ಸ್ತ್ರೀಯರ ಪ್ರವೇಶ ವಿಧಿವತ್ತಾಗಿ ದೊರೆತುದು 1973ರಲ್ಲಿ. ಮಾತಿನ ವಿಷಯದಲ್ಲಿ ಇಷ್ಟು ತಡವಾದುದು ಸೋಜಿಗವೇ ಸರಿ.

ಇಲ್ಲಿ ಒಬ್ಬ ಸದಸ್ಯ ಮಾತನಾಡಿದರೆ ಇನ್ನೊಬ್ಬನು ಗುಣದೋಷಗಳನ್ನು ವಿವೇಚಿಸುತ್ತಾನೆ. ಮೂರನೆಯವನು ಹಸಿರು, ಹಳದಿ, ಕೆಂಪು ದೀಪಗಳಿಂದ ವೇಳೆಯನ್ನು ಸೂಚಿಸುತ್ತಾನೆ. ಮುನ್ಸೂಚನೆಯಿಲ್ಲದೆ ಕೊಟ್ಟ ವಿಷಯವನ್ನು ಕುರಿತು ಒಂದೆರಡು ನಿಮಿಷ ಆಶುಭಾಷಣ ಮಾಡಬೇಕಾದ ಸರದಿಯೂ ಉಂಟು. 1987ರಲ್ಲಿ ಪವರ್‌ಪಾಯಿಂಟ್ ಎಂಬ ಗಣಕಸಾಧನ ಬಂದ ಬಳಿಕ ಕಚೇರಿಯ ಭಾಷಣಕಾರನು ಸಭಿಕರಿಗೆ ಬೆನ್ನು ಮಾಡಿ ಪರದೆಯನ್ನು ಓದುವ ಹೊಸದೊಂದು ದೋಷ ಇವರ ತಿದ್ದುಗೆಗೆ ಒದಗಿತು. ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ಇಂತಹ ಕೂಟಗಳು ಹಲವಿವೆ. ಮಾತಿನ ನಡುವೆ ನುಸುಳುವ ‘ಆ’, ‘ಊಂ’ಗಳನ್ನು ಎಣಿಸಿ ಕೊನೆಯಲ್ಲಿ ಒಪ್ಪಿಸಲು ಈ ಕೂಟಗಳಲ್ಲಿ ಒಬ್ಬನನ್ನು ನೇಮಿಸುವ ವಾಡಿಕೆಯಿದೆ, ಕನ್ನಡದ ಸಭೆಯಾದರೆ ಅವನು ‘ಅಂದರೆ’, ‘ಆಮೇಲೆ’, ‘ಏನಪ್ಪಾ ಅಂದರೆ’ಗಳಿಗೂ ಲೆಕ್ಕವಿಡಬೇಕಾದೀತು.