ಹಗುರದ ಬೆಲೆ: ಹಳೆಯ ಸ್ನೋಮೊಬೈಲ್ ಎಂಜಿನ್ನಿನ ಚರಿತ್ರೆ

ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್ ಮತ್ತು ಕೆನಡಾದ ಕ್ವಿಬೆಕ್ ಸೀಮೆಯ ಹಳ್ಳಿಗಳ ಕೊಟ್ಟಿಗೆಗಳಲ್ಲಿ 1960 ಮತ್ತು 70ರ ದಶಕದ ಸ್ನೋಮೊಬೈಲ್‌ಗಳು ಈಗಲೂ ಸಿಗುತ್ತವೆ. ಮುಂದೆ ಎರಡು ಸ್ಕೀ, ಹಿಂದೆ ಅಗಲವಾದ ರಬ್ಬರ್ ಪಟ್ಟಿ, ಮೂತಿಯೊಳಗೆ ಒಂದು ಪುಟ್ಟ ಎಂಜಿನ್. ಹಿಮದ ಮೇಲೆ ಓಡುವ ಈ ಬಂಡಿಗೆ ಮತ್ತೆ ಜೀವ ಕೊಡಲು ಹೊರಟವರು ಕಾರ್ಬುರೇಟರ್ ತೊಳೆದು, ಹೊಸ ಪ್ಲಗ್ ಹಾಕಿ ಹಗ್ಗ ಎಳೆದರೆ ಅದು ಅನೇಕ ಸಲ ಸ್ಟಾರ್ಟ್ ಆಗಿಯೂ ಬಿಡುತ್ತದೆ. ಆದರೆ ಸ್ವಲ್ಪ ದೂರ ಜೋರಾಗಿ ಓಡಿಸಿದೊಡನೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುವುದುಂಟು. ಹಳೆಯ ಎಂಜಿನ್, ಅದರ ಆಯಸ್ಸು ಅಷ್ಟೇ ಎಂದು ಕೈತೊಳೆದುಕೊಳ್ಳುವವರಿದ್ದಾರೆ. ಈ ವಿವರಣೆ ನನಗೆ ಒಪ್ಪಿಗೆಯಿಲ್ಲ. ಈ ಎಂಜಿನ್ನಿನ ಮುಖ್ಯ ದೋಷಗಳೆಲ್ಲ ವಯಸ್ಸಿಗಿಂತ ಹಿಂದಿನವು. ಬಂಡಿ ಹಗುರವಾಗಿರಲೇಬೇಕೆಂದು ಅದನ್ನು ಮಾಡಿದವರು ತಿಳಿದೇ ತೆತ್ತ ಬೆಲೆ ಅವು. ಯಾವುದಕ್ಕೆ ಯಾವ ಬೆಲೆ ತೆತ್ತರು ಎಂಬ ಚರಿತ್ರೆ ಗೊತ್ತಿರುವವರು ಮಾತ್ರ ಅದನ್ನು ಸರಿಯಾಗಿ ರಿಪೇರಿ ಮಾಡಬಲ್ಲರು.

ಹಿಮದ ಮೇಲೆ ಯಂತ್ರ ಓಡಿಸುವ ಪ್ರಯತ್ನದ ಇತಿಹಾಸವೆಲ್ಲ ತೂಕದೊಂದಿಗಿನ ಹೋರಾಟ. ಕ್ವಿಬೆಕ್‌ನ ವಾಲ್ಕೂರ್ ಊರಿನ ಜೋಸೆಫ್ ಆರ್ಮಂಡ್ ಬೊಂಬಾರ್ಡಿಯೆ 1922ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಫೋರ್ಡ್ ಕಾರಿನ ಎಂಜಿನ್ನಿಗೆ ವಿಮಾನದಂಥ ಪಂಖ ಜೋಡಿಸಿ ಜಾರುಬಂಡಿಯೊಂದನ್ನು ಓಡಿಸಿದ. 1934ರ ಚಳಿಗಾಲದಲ್ಲಿ, ದಾರಿಗಳೆಲ್ಲ ಹಿಮದಲ್ಲಿ ಹೂತಿದ್ದಾಗ, ಆಸ್ಪತ್ರೆಗೆ ಸಾಗಿಸಲಾಗದೆ ಅವನ ಎರಡು ವರ್ಷದ ಮಗ ತೀರಿಕೊಂಡ. ಮುಂದಿನ ವರ್ಷಗಳಲ್ಲಿ ಅವನು ರೂಪಿಸಿದ ಹಲ್ಲುಚಕ್ರ ಮತ್ತು ಪಟ್ಟಿಯ ಚಾಲನಾ ವ್ಯವಸ್ಥೆಗೆ 1937ರಲ್ಲಿ ಪೇಟೆಂಟ್ ಸಿಕ್ಕಿತು. ಏಳು, ಆಮೇಲೆ ಹನ್ನೆರಡು ಜನ ಕೂರುವ ಹಿಮವಾಹನಗಳು ಬಂದವು. ಶಾಲಾ ಮಕ್ಕಳನ್ನು, ಟಪಾಲನ್ನು, ರೋಗಿಗಳನ್ನು ಹೊತ್ತವು. ಆದರೆ ಅವುಗಳಲ್ಲಿದ್ದುದು ಕಾರಿನ ಎಂಜಿನ್. ಒಬ್ಬ ಬೇಟೆಗಾರನೋ ಪಾದ್ರಿಯೋ ಕಾಡಿನ ನಡುವೆ ಒಬ್ಬನೇ ಓಡಿಸುವ, ಹೂತುಹೋದರೆ ಒಬ್ಬನೇ ಎತ್ತಿ ಹೊರಗೆಳೆಯುವ ಬಂಡಿಗೆ ಅಂಥ ಎಂಜಿನ್ ಆಗಿಬರುವಂತಿರಲಿಲ್ಲ. ವಿಸ್ಕಾನ್ಸಿನ್‌ನ ಸೇನರ್‌ನಲ್ಲಿ ಕಾರ್ಲ್ ಎಲಿಯಾಸನ್ 1924ರಲ್ಲೇ ದೋಣಿಯ ಎಂಜಿನ್ನೊಂದನ್ನು ಮರದ ಜಾರುಬಂಡಿಗೆ ಕಟ್ಟಿ ಓಡಿಸಿದ್ದ. ಅವನ ಹಾದಿ ಸರಿಯಿತ್ತು, ಎಂಜಿನ್ನಿನ ಶಕ್ತಿ ಸಾಲದಾಗಿತ್ತು. 1959ರಲ್ಲಿ ಬೊಂಬಾರ್ಡಿಯೆ ಸ್ಕಿ-ಡೂ ಹೊರತಂದಾಗ ಅದರಲ್ಲಿದ್ದುದು ಏಳು ಅಶ್ವಶಕ್ತಿಯ ಕೋಲರ್ ನಾಲ್ಕು ಸ್ಟ್ರೋಕ್ ಎಂಜಿನ್. ಕೆಲವೇ ವರ್ಷಗಳಲ್ಲಿ ಆ ಜಾಗಕ್ಕೆ ಆಸ್ಟ್ರಿಯದ ರೊಟಾಕ್ಸ್ ಕಂಪನಿಯ ಎರಡು ಸ್ಟ್ರೋಕ್ ಎಂಜಿನ್ ಬಂತು. ಹಳೆಯ ಸ್ನೋಮೊಬೈಲಿನ ರಿಪೇರಿಯ ಚರಿತ್ರೆ ನಿಜವಾಗಿ ಶುರುವಾಗುವುದು ಈ ಬದಲಾವಣೆಯಿಂದ.

ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಕೊರೆಯುವ ಚಳಿಯಲ್ಲಿ ಗಟ್ಟಿಯಾಗಿ ಕೂರುವ ಆಯಿಲ್ ಸಂಪ್ ಇಲ್ಲ. ಬಂಡಿ ಎತ್ತ ವಾಲಿದರೂ ಅದು ಓಡುತ್ತದೆ. ಕ್ರ್ಯಾಂಕ್ ಸುತ್ತಿದಷ್ಟೂ ಸಲ ಶಕ್ತಿ ಕೊಡುತ್ತದೆ. ಮೈಸೂರಿನ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ದಿಗಳನ್ನು ಇಟ್ಟುಕೊಂಡವರಿಗೆ ಪೆಟ್ರೋಲಿಗೆ ಆಯಿಲ್ ಬೆರೆಸುವ ಈ ಕುಲ ಚೆನ್ನಾಗಿ ಗೊತ್ತು. ಆದರೆ ವಾಲ್ವ್ ಬಿಟ್ಟಿದ್ದಕ್ಕೆ ತೆತ್ತ ಬೆಲೆ ದೊಡ್ಡದು. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆದು ಸಿಲಿಂಡರಿಗೆ ತಳ್ಳುವ ಕೆಲಸ ಕ್ರ್ಯಾಂಕ್‌ಕೇಸಿನ ಪಾಲಿಗೆ ಬಂತು. ಅದು ಪಂಪಿನಂತೆ ಕೆಲಸ ಮಾಡಬೇಕಾದರೆ ಗಾಳಿ ಆಡದಂತೆ ಮುಚ್ಚಿರಬೇಕು. ತಿರುಗುತ್ತಿರುವ ಕ್ರ್ಯಾಂಕಿನ ಎರಡೂ ತುದಿಯಲ್ಲಿ ಆ ಮುಚ್ಚಿಗೆಯನ್ನು ಕಾಯುವುದು ಒಂದೊಂದು ರಬ್ಬರ್ ಸೀಲ್. ವರ್ಷಗಟ್ಟಲೆ ಓಡದೆ ನಿಂತ ಎಂಜಿನ್ನಿನಲ್ಲಿ ಈ ಸೀಲಿನ ತುಟಿ ಒಣಗಿ ಗಟ್ಟಿಯಾಗುತ್ತದೆ. ಅಲ್ಲಿಂದ ಕಾರ್ಬುರೇಟರಿನ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ, ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಇಳಿಯುತ್ತದೆ. ಇಲ್ಲಿ ಆಯಿಲ್ ಬರುವುದೂ ಪೆಟ್ರೋಲಿನ ಜೊತೆಯಲ್ಲೇ. ಹಾಗಾಗಿ ಎಂಜಿನ್ ಅತಿಯಾಗಿ ಕಾಯುವ ಹೊತ್ತಿನಲ್ಲೇ ಅದಕ್ಕೆ ಆಯಿಲೂ ಕಡಿಮೆಯಾಗುತ್ತದೆ. ಪಿಸ್ಟನ್ ಕಚ್ಚಿಕೊಳ್ಳುವುದು, ಕೆಲವೊಮ್ಮೆ ಅದರ ನೆತ್ತಿಯಲ್ಲೇ ತೂತು ಬೀಳುವುದು ಇದರಿಂದ.

ಕಾರ್ಬುರೇಟರಿನ ಕಥೆಯೂ ಇಲ್ಲಿಗೇ ಬಂದು ಸೇರುತ್ತದೆ. ಆ ಕಾಲದ ಅನೇಕ ಬಂಡಿಗಳಲ್ಲಿದ್ದುದು ಟಿಲ್ಲಟ್ಸನ್ ಕಂಪನಿಯ ಡಯಾಫ್ರಮ್ ಕಾರ್ಬುರೇಟರ್. ಮರ ಕೊಯ್ಯುವ ಚೈನ್‌ಸಾದಲ್ಲಿ ಹೆಸರು ಮಾಡಿದ್ದ ಇದಕ್ಕೆ ಫ್ಲೋಟ್ ಇಲ್ಲ. ಹೇಗೆ ಹಿಡಿದರೂ ಪೆಟ್ರೋಲ್ ಕೊಡುತ್ತದೆ. ಪೆಟ್ರೋಲನ್ನು ಮೇಲಕ್ಕೆಳೆಯುವ ಪುಟ್ಟ ಪಂಪಿಗೆ ಬೇಕಾದ ಬಡಿತ ಸಿಗುವುದು ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತದಿಂದಲೇ. ಅಂದರೆ ಸೀಲ್ ಸೋತರೆ ಹೊರಗಾಳಿ ನುಗ್ಗುವುದಷ್ಟೇ ಅಲ್ಲ, ಪೆಟ್ರೋಲ್ ಪಂಪೂ ಸೊರಗುತ್ತದೆ. ಡಯಾಫ್ರಮ್ ಹಳತಾಗಿ ಬಿರುಸಾಗಿದ್ದರೆ ಪೆಟ್ರೋಲ್ ಇನ್ನೂ ಕಡಿಮೆ. ಇಂದಿನ ಅಮೆರಿಕದ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇಕಡಾ 10ರಷ್ಟು ಇರುವ ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಆ ಕಾಲದ ರಬ್ಬರನ್ನು ಕೆಡಿಸುತ್ತದೆ. ಇದೆಲ್ಲದರ ಮೇಲೆ ಚಳಿಯ ಪಾಲು ಬೇರೆ. ಶೂನ್ಯಕ್ಕಿಂತ 30 ಡಿಗ್ರಿ ಕೆಳಗಿನ ಗಾಳಿ, 20 ಡಿಗ್ರಿಯ ಗಾಳಿಗಿಂತ ಸುಮಾರು ಶೇಕಡಾ 20ರಷ್ಟು ದಟ್ಟ. ಬೆಚ್ಚಗಿನ ಶೆಡ್ಡಿನಲ್ಲಿ ಟ್ಯೂನ್ ಮಾಡಿದ ಎಂಜಿನ್ ಹೊರಗೆ ಹೋದೊಡನೆ ಪೆಟ್ರೋಲ್ ಸಾಲದೆ ಕಾಯುವುದು ಇದಕ್ಕೇ. ಒಂದೊಂದು ಕಾರಣವೂ ಬಿಡಿಯಾಗಿ ಸಣ್ಣದು. ಎಲ್ಲವೂ ಎಂಜಿನ್ನನ್ನು ದೂಡುವುದು ಒಂದೇ ದಿಕ್ಕಿಗೆ ಎಂಬುದನ್ನು ಗಮನಿಸಬೇಕು.

ಇದನ್ನು ಒಪ್ಪಿದರೆ ದೋಷ ಹುಡುಕುವ ರೂಢಿಯ ಕ್ರಮವನ್ನೂ ತಿದ್ದಿಕೊಳ್ಳಬೇಕಾಗುತ್ತದೆ. ಕಿಡಿ ಇದೆಯೇ, ಪೆಟ್ರೋಲ್ ಬರುತ್ತಿದೆಯೇ, ಕಂಪ್ರೆಷನ್ ಇದೆಯೇ ಎಂಬ ಮೂರು ಪ್ರಶ್ನೆಗಳು ಸ್ಟಾರ್ಟ್ ಆಗದ ಎಂಜಿನ್ನಿಗೆ ಸಾಕು, ಸ್ಟಾರ್ಟ್ ಆಗಿ ಸಾಯುವ ಎಂಜಿನ್ನಿಗೆ ಸಾಲವು. ಕ್ರ್ಯಾಂಕ್‌ಕೇಸಿನಲ್ಲಿ ಗಾಳಿ ನಿಲ್ಲುತ್ತದೆಯೇ ಎಂಬ ನಾಲ್ಕನೆಯ ಪ್ರಶ್ನೆಯನ್ನು ನಾನು ಮೊದಲಿಗೇ ಇಡುತ್ತೇನೆ. ಕಾರ್ಬುರೇಟರ್ ಮತ್ತು ಸೈಲೆನ್ಸರಿನ ಬಾಯಿ ಮುಚ್ಚಿ, ಆರೇಳು ಪೌಂಡ್ ಒತ್ತಡದಲ್ಲಿ ಗಾಳಿ ತುಂಬಿ, ಸೋಪಿನ ನೀರು ಹಚ್ಚಿ ನೋಡಿದರೆ ಉತ್ತರ ಕಣ್ಣಿಗೇ ಕಾಣುತ್ತದೆ. ಓಡುತ್ತಿರುವ ಎಂಜಿನ್ ತಾನೇ ಸುಳಿವು ಕೊಡುವುದೂ ಉಂಟು: ಎಕ್ಸಲರೇಟರ್ ಬಿಟ್ಟರೂ ಓಟ ಇಳಿಯದಿರುವುದು, ಎರಡು ಪ್ಲಗ್ಗುಗಳಲ್ಲಿ ಒಂದು ಕಂದಾಗಿದ್ದು ಇನ್ನೊಂದು ಬಿಳುಚಿರುವುದು. ಫ್ಲೈವೀಲ್ ಬಿಚ್ಚಿ ತುಕ್ಕು ಹಿಡಿದ ಪಾಯಿಂಟುಗಳನ್ನು ಉಜ್ಜಿ ಕಿಡಿ ಬರಿಸಿದವರು, ಅದೇ ಪಾಯಿಂಟುಗಳ ಹಿಂದೆಯೇ ಕೂತ ಸೀಲನ್ನು ನೋಡದೆ ಫ್ಲೈವೀಲ್ ಮುಚ್ಚಿಬಿಡುವುದು ಇಡೀ ರಿಪೇರಿಯಲ್ಲೇ ದುಬಾರಿಯಾದ ಮರೆವು. 1970ರ ದಶಕದ ಆರಂಭದಲ್ಲಿ ನೂರಕ್ಕೂ ಹೆಚ್ಚು ಕಂಪನಿಗಳು ಸ್ನೋಮೊಬೈಲ್ ಮಾಡುತ್ತಿದ್ದರೂ, ಎಂಜಿನ್ ಕೊಡುತ್ತಿದ್ದ ಕಂಪನಿಗಳು ಕೆಲವೇ: ರೊಟಾಕ್ಸ್, ಜರ್ಮನಿಯ ಸಾಕ್ಸ್, ಇಲೊ, ಹಿರ್ಟ್, ಆಮೇಲೆ ಜಪಾನಿನವರು. ಆದ್ದರಿಂದ ಬಂಡಿಯ ಮೇಲಿನ ಹೆಸರು ಯಾವುದಾದರೂ ಈ ಪರೀಕ್ಷೆ ಒಂದೇ. ಬಂಡಿಯ ಕಂಪನಿ ಮುಚ್ಚಿಹೋಗಿದ್ದರೂ ಎಂಜಿನ್ನಿನ ಬಿಡಿಭಾಗ ಸಿಗುವುದು ಇದೇ ಕಾರಣಕ್ಕೆ.

ಇದಕ್ಕೆ ಎದುರಾಗಿ ಹೇಳಬಹುದಾದ ಮಾತುಗಳಿವೆ. ಇವು ಕಳಪೆ ಎಂಜಿನ್ನುಗಳು, ಕಳಪೆತನಕ್ಕೆ ಚರಿತ್ರೆಯ ಹೆಸರು ಕೊಡುತ್ತಿದ್ದೀರಿ ಎನ್ನಬಹುದು. ಆದರೆ 1968ರ ಏಪ್ರಿಲ್‌ನಲ್ಲಿ ರಾಲ್ಫ್ ಪ್ಲೇಸ್ಟೆಡ್ ಮತ್ತು ಸಂಗಡಿಗರು ಕೆನಡಾದ ಉತ್ತರ ಅಂಚಿನಿಂದ ಸಮುದ್ರದ ಹೆಪ್ಪಿನ ಮೇಲೆ ಸ್ಕಿ-ಡೂ ಓಡಿಸಿಕೊಂಡೇ ಉತ್ತರ ಧ್ರುವ ತಲುಪಿದರು. ಅಮೆರಿಕದ ವಾಯುಪಡೆಯ ವಿಮಾನ ಅವರಿದ್ದ ಸ್ಥಳವನ್ನು ದೃಢಪಡಿಸಿತು. ಮುಚ್ಚಿಗೆ ಗಟ್ಟಿಯಿದ್ದು, ನೋಡಿಕೊಳ್ಳುವ ಕೈ ಜೊತೆಗಿದ್ದರೆ ಈ ಎಂಜಿನ್ ಏನು ಮಾಡಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಮಾನವಶಾಸ್ತ್ರಜ್ಞ ಪೆರ್ಟಿ ಪೆಲ್ಟೊ 1973ರ ತನ್ನ ಪುಸ್ತಕದಲ್ಲಿ, ಫಿನ್ಲೆಂಡಿನ ಸ್ಕೋಲ್ಟ್ ಸಾಮಿ ಹಿಮಸಾರಂಗ ಪಾಲಕರ ನಡುವೆ ಸ್ನೋಮೊಬೈಲ್ ಬಂದಾಗ ಏನಾಯಿತೆಂದು ತೋರಿಸಿದ್ದಾನೆ: ಕೆಲವೇ ವರ್ಷಗಳಲ್ಲಿ ಸಾರಂಗದ ಬಂಡಿ ಮೂಲೆ ಸೇರಿತು, ಪೆಟ್ರೋಲು, ಬಿಡಿಭಾಗಗಳಿಗಾಗಿ ನಗದು ಹಣದ ಹಂಗು ಬಂತು. ರಿಪೇರಿಗೆ ಸುಲಭವಾದ ಯಂತ್ರ ಮನುಷ್ಯನನ್ನು ಸ್ವತಂತ್ರನನ್ನಾಗಿಸುತ್ತದೆ ಎಂಬ ಭಾವುಕ ಮಾತಿಗೆ ಇದು ಸರಿಯಾದ ತಡೆ, ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದು ನನ್ನ ವಾದವನ್ನು ಮುಂದಕ್ಕೆ ಒಯ್ಯುತ್ತದೆ: ಹಗುರದ ಬೆಲೆಯಲ್ಲಿ ಒಂದು ಪಾಲನ್ನು ತಯಾರಕರು ಎಂಜಿನ್ನಿನೊಳಗೆ ಬಚ್ಚಿಟ್ಟರು, ಉಳಿದದ್ದನ್ನು ಕೊಂಡವರ ಚೀಲದಿಂದ ಪಡೆದರು.

ಹೊಸ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದರೆ ಮುಗಿಯಿತಲ್ಲ ಎನ್ನುವವರೂ ಇದ್ದಾರೆ. ಹಾಕಲಿ, ತಪ್ಪೇನಿಲ್ಲ, 1970ರ ದಶಕದಲ್ಲಿ ತಯಾರಕರೇ ಪಾಯಿಂಟುಗಳನ್ನು ಬಿಟ್ಟು ಆ ಕಡೆ ಹೊರಳಿದರು. ಆದರೆ ಬಲವಾದ ಕಿಡಿಯಿಂದ ಸೋರುವ ಕ್ರ್ಯಾಂಕ್‌ಕೇಸ್ ಮುಚ್ಚಿಕೊಳ್ಳುವುದಿಲ್ಲ. ಕೆಟ್ಟ ಎಂಜಿನ್ ಸಲೀಸಾಗಿ ಸ್ಟಾರ್ಟ್ ಆಗಿ ಇನ್ನೂ ಬೇಗ ಸೀಜ್ ಆದೀತು. ಹೊಗೆಯ ವಿಚಾರದಲ್ಲಿ ಮಾತ್ರ ನನ್ನ ಬಳಿ ಸಮರ್ಥನೆಯಿಲ್ಲ. ಈ ಎಂಜಿನ್ ಒಳಗೆಳೆದ ಪೆಟ್ರೋಲಿನ ಒಂದು ದೊಡ್ಡ ಪಾಲನ್ನು ಸುಡದೆಯೇ ಹೊರಗೆ ಬಿಡುತ್ತದೆ. ಅಮೆರಿಕ 2002ರಲ್ಲಿ ಹೊಸ ಸ್ನೋಮೊಬೈಲ್‌ಗಳಿಗೆ ಹೊಗೆಯ ಮಿತಿ ತಂದದ್ದು ಸರಿಯಾದ ಕ್ರಮ. ಹಳೆಯ ಬಂಡಿಗಳನ್ನು ಚರಿತ್ರೆಯ ವಸ್ತುವಾಗಿ ಉಳಿಸಿ, ಅಪರೂಪಕ್ಕೆ ಓಡಿಸಬೇಕು. ದಿನದ ಓಡಾಟಕ್ಕೆ ಅವು ಬೇಡ.

ಅಂಥದೊಂದು ಬಂಡಿ ಯಾರ ಕೈಗಾದರೂ ಬಂದರೆ ಹಗ್ಗ ಎಳೆದು ಸ್ಟಾರ್ಟ್ ಮಾಡುವ ಆಸೆಯನ್ನು ಮೊದಲು ತಡೆಹಿಡಿಯಲಿ. ಎರಡೂ ತುದಿಯ ಸೀಲ್, ಕಾರ್ಬುರೇಟರಿನ ಡಯಾಫ್ರಮ್, ಪೆಟ್ರೋಲಿನ ಪೈಪುಗಳನ್ನು ಬದಲಿಸಲಿ, ಕ್ರ್ಯಾಂಕ್‌ಕೇಸಿನಲ್ಲಿ ಗಾಳಿ ನಿಲ್ಲುವುದನ್ನು ಕಣ್ಣಾರೆ ನೋಡಲಿ, ಆಮೇಲೆ ಹೊರಗಿನ ಚಳಿಯಲ್ಲೇ ಟ್ಯೂನ್ ಮಾಡಲಿ. ಈ ರಬ್ಬರ್ ತುಣುಕುಗಳಿಗೆ ಆಗುವ ಖರ್ಚು ಅಲ್ಪ. ಸುಟ್ಟುಹೋದ ಮೂಲ ಸಿಲಿಂಡರ್ ಮತ್ತೆ ಎರಕವಾಗಿ ಬರುವುದಿಲ್ಲ.