ತಾಮ್ರಪಟದ ಸಾಕ್ಷಿ

ಕನ್ನಡ ವಿಕಿಪೀಡಿಯದಲ್ಲಿ ಕೋಲಾರದ ಗಂಗರನ್ನು ಕುರಿತು ಒಂದು ಪ್ಯಾರಾ ಸೇರಿಸಿ, ಆಧಾರವೆಂದು ನನ್ನದೇ ಒಂದು ಲೇಖನವನ್ನು ನಮೂದಿಸಿದ್ದೆ. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶ ಅದು; ಕನ್ನಡದಲ್ಲಿ 2003ರಿಂದ ನಡೆದುಬಂದಿದೆ. ಎರಡೇ ದಿನದಲ್ಲಿ ಅಲ್ಲಿನ ಚರ್ಚೆಯ ಪುಟದಲ್ಲಿ ಯಾರೋ ಕೇಳಿದರು: “ಮೇಷ್ಟ್ರೇ, ಹೇಳುವವರೂ ನೀವೇ, ಸಾಕ್ಷಿಯೂ ನೀವೇ ಆದರೆ ಹೇಗೆ?” ಮೊದಲು ಸಿಟ್ಟು ಬಂದಿತು. ಆಮೇಲೆ ಫ್ಲೀಟ್ ಸಾಹೇಬರ ನೆನಪಾಯಿತು.

ಬಿ. ಎಲ್. ರೈಸರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 10ನೆಯ ಸಂಪುಟದಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಶಾಸನಗಳು ತಾಲ್ಲೂಕುವಾರಾಗಿ ಇವೆ. ಗಂಗರು ‘ಕುವಳಾಲಪುರವರೇಶ್ವರ’ರೆಂದು ಹೇಳಿಕೊಂಡವರು, ಆ ಕುವಳಾಲವೇ ಇಂದಿನ ಕೋಲಾರ. ಅವರ ಆರಂಭಕಾಲದ ಚರಿತ್ರೆ ಬಹುಮಟ್ಟಿಗೆ ತಾಮ್ರಪಟಗಳ ಮೇಲೆ ನಿಂತಿದೆ. ರೈಸರು ಅವನ್ನು ನಂಬಿ ಸಮರ್ಥಿಸಿದರು. ಜೆ. ಎಫ್. ಫ್ಲೀಟರಾದರೋ, ಅವುಗಳಲ್ಲಿ ಅನೇಕವು ಕೂಟಶಾಸನಗಳೆಂದು ಸಾರಿಬಿಟ್ಟರು. ಹೇಳಿಕೊಂಡ ಕಾಲಕ್ಕಿಂತ ಅಕ್ಷರ ಈಚಿನದು, ತಿಥಿವಾರಗಳು ಕೂಡಿಬರುವುದಿಲ್ಲ ಎಂಬುದು ಅವರ ಆಕ್ಷೇಪ. ಇಬ್ಬರೂ ಮಹಾವಿದ್ವಾಂಸರೇ, ವಾದ ವರ್ಷಗಟ್ಟಲೆ ನಡೆಯಿತು.

ಕೂಟಶಾಸನ ಏಕೆ ಹುಟ್ಟುತ್ತದೆ? ತಾಮ್ರಪಟ ಇರುವುದು ದತ್ತಿ ಪಡೆದವರ ಮನೆಯ ಪೆಟ್ಟಿಗೆಯಲ್ಲಿ. ಭೂಮಿಯ ಹಕ್ಕಿಗೆ ಅದೇ ಪತ್ರ. ಮೂಲಪಟ ಕಳೆದುಹೋಗಿ ವ್ಯಾಜ್ಯ ತಲೆಯೆತ್ತಿದರೆ, ಹೊಸದೊಂದು ಪಟ ಹಳೆಯದಾಗಿ ಹುಟ್ಟುವುದು ಕಷ್ಟವಲ್ಲ. ಶಿಲಾಶಾಸನವಾದರೆ ಊರೆಲ್ಲರ ಕಣ್ಣೆದುರಿಗೆ ನಿಂತಿರುತ್ತದೆ. ಆದರೆ ಕಲ್ಲೂ ಹೊಗಳುತ್ತದೆ! ಮುಳಬಾಗಿಲು ತಾಲ್ಲೂಕಿನ ಆವಣಿಯನ್ನು 40 ವರ್ಷ ಆಳಿದ ಯತಿ ತ್ರಿಭುವನಕರ್ತನು 50 ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದನೆಂದು 931ರ ಶಾಸನವೊಂದು ಹೇಳುತ್ತದೆ. ‘ಶಾಸನ ಹೀಗೆ ಹೇಳುತ್ತದೆ’ ಎಂದು ಬರೆದರೆ ನನಗೆ ಅಳುಕಿಲ್ಲ. ‘50 ದೇವಾಲಯಗಳಿದ್ದುವು’ ಎಂದು ಬರೆಯಲು ಕೈ ಹಿಂಜರಿಯುತ್ತದೆ.

ಇನ್ನೊಂದು ಮೋಸವೂ ಉಂಟು. ಶ್ರೀನಿವಾಸಪುರದ ಹಳೆಯ ಹೆಸರು ಪಾಪನಪಳ್ಳಿಯೆಂದೂ, ದಿವಾನ್ ಪೂರ್ಣಯ್ಯನವರು ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಅದಕ್ಕಿಟ್ಟರೆಂದೂ ರೈಸರ ಗೆಜೆಟಿಯರಿನಲ್ಲಿದೆ. ನಿಜವಿರಬಹುದು. ಆದರೆ ಅದನ್ನು ನೋಡಿಯೇ ಹತ್ತು ಪುಸ್ತಕಗಳು ಬರೆದುಕೊಂಡರೆ ಸಾಕ್ಷಿ ಹತ್ತಾಗುವುದಿಲ್ಲ, ಒಂದೇ.

ವಿಕಿಪೀಡಿಯದವರ ಕಟ್ಟಳೆಯೂ ಈ ಜಾಡಿನದೇ. ಬರೆದುದಕ್ಕೆ ಬೇರೆಯವರು ಪರೀಕ್ಷಿಸಬಲ್ಲ ಆಧಾರವಿರಬೇಕು. ವಿಷಯದೊಡನೆ ತನಗಿರುವ ನಂಟನ್ನು ಬಚ್ಚಿಡಬಾರದು. ಹಣ ಪಡೆದು ತಿದ್ದುವವರು ಅದನ್ನು ಬಹಿರಂಗಪಡಿಸಲೇಬೇಕೆಂದು 2014ರಲ್ಲಿ ನಿಯಮವಾಯಿತು. ನಾನು ಹಣ ಪಡೆದವನಲ್ಲ. ಹೆಸರಿನ ಆಸೆ ಇರಲಿಲ್ಲವೆಂದು ಮಾತ್ರ ಹೇಳಲಾರೆ.

ಆ ರಾತ್ರಿ ನನ್ನ ಹಳೆಯ ಲೇಖನವನ್ನು ಹುಡುಕಿ ತೆಗೆದೆ. ಅಲ್ಲಿ ನಾನು ಕೊಟ್ಟಿದ್ದ ಇಸವಿಗೆ ಆಧಾರ ಒಂದು ತಾಮ್ರಪಟ. ಫ್ಲೀಟರ ಆಕ್ಷೇಪದ ಮಾತೇ ಇಲ್ಲ. ಚರ್ಚೆಯ ಪುಟದಲ್ಲಿ ಲೇಖನ ನನ್ನದೆಂದು ಒಪ್ಪಿಕೊಂಡು, ಅದರ ಉಲ್ಲೇಖವನ್ನೂ ಆ ಇಸವಿಯನ್ನೂ ತೆಗೆದುಹಾಕಿ, ಇಬ್ಬರು ವಿದ್ವಾಂಸರ ಅಭಿಪ್ರಾಯಗಳನ್ನೂ ಅವರವರ ಹೆಸರಿನಲ್ಲೇ ಬರೆದೆ. ಪಟ ಕೂಟವೆಂದಾದರೂ ಎಸೆಯಬೇಕಾಗಿಲ್ಲ. ಅದು ಹೇಳಿಕೊಳ್ಳುವ ಶತಮಾನಕ್ಕಲ್ಲದಿದ್ದರೂ ಅದನ್ನು ಕೆತ್ತಿದ ಶತಮಾನಕ್ಕೆ ಸಾಕ್ಷಿ. ಈ ಮಾತನ್ನೂ ಸೇರಿಸೋಣವೆಂದುಕೊಂಡೆ. ಅದಕ್ಕೆ ಆಧಾರ ಕೇಳುತ್ತಾರೆಂದು ಸುಮ್ಮನಾದೆ.